ಜರ್ದಾಳು ಸೀಳಿದ ಮೆಕ್ಯಾನಿಕ್

ದಿಲ್ಲಿರಾಮನ ಹೆಸರು ಸ್ತಮಾತಿಯಾಳ ಕಿವಿಗೆ ಮೊದಲು ಬಿದ್ದದ್ದು ಅವಳ ಪಂಪು ನಿಂತುಹೋದ ದಿನ. ಈ ದೇಶದಲ್ಲಿ ಜನವರಿ ಅಂದರೆ ಕಡುಬೇಸಿಗೆಯ ಬಿಸಿಲು. ಮರ್ರೆ ಹೊಳೆಯ ಮೇಲಿಂದ ಬರುವ ಗಾಳಿಯೂ ಒಲೆಯ ಬಾಯಿಂದ ಬಂದ ಹಾಗಿತ್ತು. ನೀರಿನ ಸರದಿ ಅವಳ ತೋಟಕ್ಕೆ ಬಂದಿದೆ, ಕಾಲುವೆ ತುಂಬಿ ನಿಂತಿದೆ, ಪಂಪು ಮಾತ್ರ ಒಮ್ಮೆ ಕೆಮ್ಮಿ ಸುಮ್ಮನಾಗಿದೆ. ಗಂಡ ಲೆಫ್ತೇರಿಸ್ ಬದುಕಿದ್ದಾಗ ಆ ಪಂಪನ್ನು ಒದ್ದು, ಬೈದು, ಹೇಗೋ ಓಡಿಸುತ್ತಿದ್ದ. ಅವನನ್ನು ಮಣ್ಣು ಮಾಡಿದ ಮೇಲೆ ಅದು ಯಾರ ಬೈಗುಳಕ್ಕೂ ಬಗ್ಗಿರಲಿಲ್ಲ.

ಮೈದುನ ಪಾಂಡೆಲಿಸ್ ಬಂದು ಪಂಪಿನ ಸುತ್ತ ಒಂದು ಸುತ್ತು ಹಾಕಿ, ಟೋಪಿ ತೆಗೆದು ತಲೆ ಒರೆಸಿಕೊಂಡ. ಊರಿಗೆ ಇದ್ದ ಒಂದೇ ಗ್ಯಾರೇಜು ಅವನದು.

"ಅತ್ತಿಗೆ, ಇದು ನನ್ನ ಕೈಲಿ ಆಗೋದಲ್ಲ. ಬೆನ್ನು ಬಗ್ಗಲ್ಲ, ಕಣ್ಣು ಕಾಣಲ್ಲ. ಮುಂದಿನ ವಾರ ಒಬ್ಬ ಮೆಕ್ಯಾನಿಕ್ ಬರ್ತಿದಾನೆ, ಸಿಡ್ನಿಯಿಂದ. ಅವನಿಗೇ ತೋರಿಸೋಣ."

"ಸಿಡ್ನಿ ಬಿಟ್ಟು ಇಲ್ಲಿಗೆ ಬರೋನಿಗೆ ತಲೆ ನೆಟ್ಟಗಿದೆಯೇನೋ?"

"ನೆಟ್ಟಗಿರೋದಕ್ಕೇ ಬರ್ತಿದಾನೆ. ನೇಪಾಳದೋನು, ದಿಲ್ಲಿರಾಮ್ ಭುಸಾಲ್ ಅಂತ. ಓದೋಕೆ ಅಂತ ಬಂದು ಸಿಡ್ನೀಲಿ ಇದ್ದ. ಈ ದೇಶದಲ್ಲೇ ನಿಲ್ಲಬೇಕು ಅಂದ್ರೆ ಅವನಿಗೆ ಹಳ್ಳಿಗಾಡಿನ ಯಜಮಾನ ಒಬ್ಬ ಬೇಕಂತೆ. ಮೂರು ವರ್ಷ ನನ್ನ ಹತ್ರ ದುಡೀಬೇಕು. ಆಮೇಲೆ ನಾನು ‘ಇವನು ನಂಗೆ ಬೇಕೇ ಬೇಕು’ ಅಂತ ಬರೆದುಕೊಡಬೇಕು. ಅವನ ಲೆಕ್ಕಕ್ಕೆ ಸಿಡ್ನಿ ದೊಡ್ಡ ಕಂಪನಿಗಿಂತ ಈ ಪಾಂಡೆಲಿಸ್ ಮೇಲು. ನೋಡು ಹೆಂಗಿದೆ ಕಾಲ."

"ನಿನ್ನ ಕೈಬರಹ ಓದೋಕೆ ಅವರು ಇನ್ನೊಬ್ಬನ್ನ ಬೇರೆ ದೇಶದಿಂದ ಕರೆಸ್ಬೇಕಾಗುತ್ತೆ."

ಪಾಂಡೆಲಿಸ್ ನಗಲಿಲ್ಲ. ಅವನು ಬಂದದ್ದು ಕೋಣೆ ಕೇಳುವುದಕ್ಕೆ. ಸ್ತಮಾತಿಯಾಳ ಶೆಡ್ಡಿನ ಹಿಂದೆ, ಹಣ್ಣಿನ ಕೊಯ್ಲಿಗೆ ಬರುವವರು ಉಳಿದುಕೊಳ್ಳಲು ಲೆಫ್ತೇರಿಸ್ ಕಟ್ಟಿಸಿದ್ದ ಕೋಣೆಯೊಂದು ಬೀಗ ಹಾಕಿಕೊಂಡು ಕೂತಿತ್ತು.

"ಕುಡೀತಾನಾ?"

"ನಾನೇನು ಮೂಸಿ ನೋಡಿದೀನಾ?"

"ಹೆಂಡತಿ?"

"ಹೆಂಡತಿ, ಮಗಳು ಇಬ್ಬರೂ ಅಲ್ಲೇ ಅವರ ಊರಲ್ಲಿದಾರೆ. ತಾಯಿ ಹಾಸಿಗೆ ಹಿಡಿದಿದಾಳಂತೆ, ನೋಡ್ಕೊಳ್ಳೋಕೆ ಸೊಸೆ ಬೇಕು. ಇಲ್ಲಿ ಕಾಯಂ ಅಂತ ಆದಮೇಲೆ ಕರೆಸ್ಕೋತಾನಂತೆ."

ಸ್ತಮಾತಿಯಾ, ಗಂಡ ಹೋದಂದಿನಿಂದ ತೊಡುತ್ತಿದ್ದ ಕಪ್ಪು ಲಂಗದ ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟಳು. "ಕೋಣೇಲಿ ಹಂದಿ ಕೊಬ್ಬಿನ ಡಬ್ಬ ಇದೆ. ಅವರಿಗಾಗುತ್ತೋ ಇಲ್ವೋ, ತೆಗೆದಿಡು," ಅಂದಳು. ಒಪ್ಪಿಗೆಯ ಮಾತು ಅಷ್ಟೇ.

ಬಂದವನು ಕುಳ್ಳ, ಅಗಲ ಭುಜ, ನಲವತ್ತು ದಾಟಿದ ಮುಖ. ಕೈಯಲ್ಲಿ ಬಟ್ಟೆಯ ಚೀಲಕ್ಕಿಂತ ಉಪಕರಣದ ಪೆಟ್ಟಿಗೆಯೇ ದೊಡ್ಡದು. ಚೀಲವನ್ನು ಕೋಣೆಯ ಬಾಗಿಲಲ್ಲೇ ಇಟ್ಟು ಅವನು ನೇರ ಪಂಪಿನ ಹತ್ತಿರ ಹೋದ. ಒದೆಯಲಿಲ್ಲ, ಬೈಯಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಇನ್ನೊಂದು ಕೈಯಿಂದ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಕೂತ. ಡಾಕ್ಟರು ಮಗುವಿನ ಎದೆ ನೋಡುವ ಹಾಗಿತ್ತು. ಆಮೇಲೆ ಒಂದು ಹಳೆಯ ದುಪ್ಪಟಿ ಕೇಳಿ ತೆಗೆದುಕೊಂಡು ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಅದರ ಮೇಲೆ ಇಡುತ್ತಾ ಹೋದ. ತಾನು ಮದುವೆಯಾಗಿ ಬಂದಾಗಿನಿಂದ ಆ ಪಂಪು ಅಲ್ಲಿದ್ದರೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ಸ್ತಮಾತಿಯಾ ನೋಡಿದ್ದು ಅದೇ ಮೊದಲು.

ಸಂಜೆಗೆ ನೀರು ಧಾರಾಳವಾಗಿ ಸಾಲುಗಳಿಗೆ ಹರಿಯಿತು.

"ಥಿಯಾ," ಅಂದ ಅವನು. ವಯಸ್ಸಾದ ಹೆಂಗಸರನ್ನು ಇಲ್ಲಿ ಹಾಗೆ ಕರೆಯಬೇಕೆಂದು ಪಾಂಡೆಲಿಸ್ ದಾರಿಯಲ್ಲೇ ಕಲಿಸಿಕೊಟ್ಟಿದ್ದ. "ಇದಕ್ಕೆ ಒದೆ ಬೇಡ. ಗ್ರೀಸ್ ಬೇಕು. ಪ್ರತಿ ಸರದಿಗೂ ಮೊದಲು ಒಂಚೂರು. ಜಾಸ್ತಿ ಹಾಕಿದ್ರೂ ಕೆಡುತ್ತೆ."

"ನನ್ನ ಗಂಡ ಒದೆಯೋದೇ ಔಷಧಿ ಅಂದ್ಕೊಂಡಿದ್ದ."

"ಒದ್ರೂ ಓಡಿದೆಯಲ್ಲ, ಒಳ್ಳೇ ಜಾತಿ ಪಂಪು."

ಅವತ್ತಿನಿಂದ ಅವನು ಆ ಮನೆಯವನೇ ಆದ.

ಮಧ್ಯಾಹ್ನದ ಬಿಸಿಲು ಇಳಿದು ಗ್ಯಾರೇಜು ಮುಚ್ಚಿದ ಮೇಲೆ ಅವನು ಜಗುಲಿಗೆ ಬರುತ್ತಿದ್ದ. ಅವಳು ಸಣ್ಣ ಹಿಡಿಪಾತ್ರೆಯಲ್ಲಿ ಕಾಫಿ ಕುದಿಸುತ್ತಿದ್ದಳು. ಅವನು ಅದನ್ನು ಕುಡಿದು, ತಳದಲ್ಲಿ ಉಳಿದ ಗಷ್ಟನ್ನು ನೋಡಿ, "ಇದನ್ನೂ ಗ್ರೀಸಿಗೆ ಬಳಸ್ಬಹುದು," ಅನ್ನುತ್ತಿದ್ದ. ಅವನ ಕೋಣೆಯ ಮುಂದೆ ಮೆಣಸಿನ ಗಿಡಗಳು ಎದ್ದವು. ಅದರ ಒಂದು ಕಾಯಿ ಕಚ್ಚಿ ಸ್ತಮಾತಿಯಾ ಎರಡು ದಿನ ಅವನನ್ನು ಮಾತಾಡಿಸಿರಲಿಲ್ಲ.

ಒಂದು ದಿನ ಅವನು ಕೇಳಿದ. "ಥಿಯಾ, ನೀವು ಈ ದೇಶಕ್ಕೆ ಹೆಂಗ್ ಬಂದ್ರಿ?"

"ಹಡಗಲ್ಲಿ."

"ಅದಲ್ಲ. ಬಿಡೋ ಮುಂಚೆ ಏನೇನು ಕೇಳಿದ್ರು?"

ಸ್ತಮಾತಿಯಾಳಿಗೆ ಆ ದಿನ ನಿನ್ನೆಯ ಹಾಗೆ ನೆನಪಿತ್ತು. ಇನ್ನೂ ಮೀಸೆ ಚಿಗುರದ ಲೆಫ್ತೇರಿಸನ ಫೋಟೋ ಕೈಯಲ್ಲಿ ಹಿಡಿದು, ಅವನ ಮುಖವನ್ನು ನಿಜವಾಗಿ ನೋಡುವ ಮೊದಲೇ ಅವನ ಹೆಂಡತಿಯಾಗಲು ಒಪ್ಪಿ, ಅವಳು ಅಥೆನ್ಸಿನ ಕಚೇರಿಯ ಉದ್ದ ಬೆಂಚಿನ ಮೇಲೆ ಕೂತಿದ್ದಳು.

"ಒಬ್ಬ ಡಾಕ್ಟರು ಎದೆ ಮೇಲೆ ತಣ್ಣಗಿನದೊಂದು ಇಟ್ಟು ಕೆಮ್ಮು ಅಂದ. ಕೆಮ್ಮಿದೆ. ಇನ್ನೊಬ್ಬ ಕೈ ತೋರಿಸು ಅಂದ. ತೋರಿಸಿದೆ. ಅಂಗೈ ತುಂಬ ಆಲಿವ್ ಕೊಯ್ದ ಜಡ್ಡು. ನೋಡಿ, ಹೋಗು ಅಂದ. ಬಂದೆ."

"ಅಷ್ಟೇನಾ?"

"ಇನ್ನೇನು ಬೇಕಿತ್ತು? ಓದಿದೀಯಾ ಅಂದಿದ್ರೆ ಅಲ್ಲೇ ಉಳೀತಿದ್ದೆ."

ದಿಲ್ಲಿರಾಮ ತನ್ನ ಅಂಗೈಗಳನ್ನು ಮಗುಚಿ ನೋಡಿಕೊಂಡ. ಎಣ್ಣೆ ಗೆರೆಗಳ ಒಳಗೇ ಇಳಿದು ಹೋಗಿತ್ತು. "ನನ್ನ ಕೈಯನ್ನ ಇವತ್ತಿನವರೆಗೂ ಯಾರೂ ನೋಡಿಲ್ಲ," ಅಂದ.

ಅವನ ಕಥೆಯನ್ನು ಅವನು ಎಂಜಿನ್ ಬಿಚ್ಚುವವರ ಹಾಗೆ ಹೇಳುತ್ತಿದ್ದ. ಮೇಲಿನದು ಬಿಚ್ಚದೆ ಒಳಗಿನದು ಕೈಗೆ ಸಿಗುವುದಿಲ್ಲ. ಮೊದಲು ಕಸುಬು ಗೊತ್ತಿದೆ ಎಂದು ಇಲ್ಲಿಯವರಿಂದ ಹೇಳಿಸಬೇಕು. ಅದಕ್ಕೆ ತನ್ನೂರಿನ ಹಳೆಯ ವರ್ಕ್‌ಶಾಪಿನ ಮುದುಕ ಸಾಹುಕಾರ ಇನ್ನೂ ಬದುಕಿರಬೇಕು, ಹೌದು ನನ್ನಲ್ಲಿ ದುಡಿದಿದ್ದ ಅನ್ನಬೇಕು. ಆಮೇಲೆ ಇಂಗ್ಲಿಷ್ ಪರೀಕ್ಷೆ. ಬರೆಯುವುದರಲ್ಲಿ ಗೆದ್ದ, ಕೇಳುವುದರಲ್ಲಿ ಗೆದ್ದ, ಮಾತಿನಲ್ಲಿ ಅರ್ಧ ಅಂಕಕ್ಕೆ ಬಿದ್ದ.

"ನೀನು ಖುಷಿಯಾಗಿ ಕಳೆದ ಒಂದು ರಜೆಯ ಬಗ್ಗೆ ಹೇಳು ಅಂದ್ರು ಥಿಯಾ. ನಾನು ರಜೆ ಎಲ್ಲಿ ಹಾಕಿದೀನಿ? ಸುಮ್ನೆ ಕೂತೆ."

"ಸುಳ್ಳು ಹೇಳೋಕೇನಾಗಿತ್ತು?"

"ಸುಳ್ಳಿಗೂ ಇಂಗ್ಲಿಷ್ ಬೇಕಲ್ಲ."

ಮತ್ತೆ ಪರೀಕ್ಷೆಗೆ ಕೂತು ಗೆದ್ದ. ಅಷ್ಟು ಹೊತ್ತಿಗೆ ಸಿಡ್ನಿಯಲ್ಲಿ ಅವನಿಗಿದ್ದ ದಾರಿಗಳೆಲ್ಲ ಮುಚ್ಚಿದ್ದವು. ಚಿಕ್ಕ ವಯಸ್ಸಿನವರು, ಹೆಚ್ಚು ಓದಿದವರು ಅಲ್ಲಿ ಸಾಲುಗಟ್ಟಿ ನಿಂತಿದ್ದರು. ಹಳ್ಳಿಗಾಡಿಗೆ ಹೋಗಿ, ಅಲ್ಲಿ ಜನ ಬೇಕು, ಯಾರೂ ಹೋಗುವುದಿಲ್ಲ ಎಂದು ದಾರಿ ತೋರಿಸಿದವಳು ಅಡಿಲೇಡಿನ ಒಬ್ಬ ವೀಸಾ ಏಜೆಂಟ್ ಮೇಡಂ. ಅವಳ ಮುಖವನ್ನು ಸ್ತಮಾತಿಯಾ ನೋಡಿದ್ದೇ ಇಲ್ಲ. ದಿಲ್ಲಿರಾಮ ಅವಳ ಫೋನು ಬಂದಾಗ ಎದ್ದು ನಿಂತು ಮಾತಾಡುತ್ತಿದ್ದುದನ್ನು ಮಾತ್ರ ನೋಡಿದ್ದಳು. ಒಂದೇ ಯಜಮಾನ, ಒಂದೇ ಊರು, ಮೂರು ವರ್ಷ ತುಂಬಲಿ. ನಡುವೆ ಬಿಡಬೇಡಿ. ನಲವತ್ತೈದು ತುಂಬುವ ಮೊದಲು ಅರ್ಜಿ ಒಳಗೆ ಹೋಗಲೇಬೇಕು, ಒಂದು ದಿನ ತಪ್ಪಿದರೂ ಯಾರೂ ಕಾಪಾಡಲಾರರು. ಮೇಡಂ ಹೇಳುತ್ತಿದ್ದದ್ದು ಇದೇ. ಇದರ ಜೊತೆಗೆ ಇನ್ನೊಂದು ಮಾತನ್ನು ಪ್ರತಿ ಸಲವೂ ಹೇಳುತ್ತಿದ್ದಳು. ಬೇರು ತೋರಿಸಿ, ಭುಸಾಲ್ ಜೀ. ಆ ಊರಲ್ಲಿ ಬೇರು ಬಿಟ್ಟಿದ್ದೀರಿ ಅಂತ ತೋರಿಸಿ.

ಬೇರು ಎಂದರೆ ದಿಲ್ಲಿರಾಮನಿಗೆ ಕಬ್ಬಿಣದ ಮಂಚ. ಕೊಯ್ಲಿನವರ ಮಕ್ಕಳು ಮಲಗುತ್ತಿದ್ದ ಸಣ್ಣ ಮಂಚವೊಂದು ಶೆಡ್ಡಿನ ಅಟ್ಟದಲ್ಲಿ ಕಾಲು ಮುರಿದು ಬಿದ್ದಿತ್ತು. ಅದನ್ನು ಇಳಿಸಿ, ಕಾಲು ಬೆಸೆದು, ಹಸಿರು ಬಣ್ಣ ಹೊಡೆದು ಕೋಣೆಯ ಕಿಟಕಿಯ ಪಕ್ಕ ಇಟ್ಟ. ಮಗಳು ಸಿರ್ಜನಾಳಿಗೆ. ಸ್ತಮಾತಿಯಾ ಅದಕ್ಕೊಂದು ಹೊದಿಕೆ ಹೆಣೆದಳು.

"ಹುಡುಗಿ ಈಗ ಎಷ್ಟುದ್ದ ಇದಾಳೆ?" ಎಂದು ಅವಳು ಕೇಳಿದರೆ ಅವನು ಎದೆಯ ಹತ್ತಿರ ಕೈ ಹಿಡಿಯುತ್ತಿದ್ದ. ಮರುವರ್ಷ ಕೈ ಭುಜಕ್ಕೆ ಬಂತು. ಮಂಚ ಸಾಲದು. ಅವನು ಅದನ್ನು ನಡುವೆ ಕೊಯ್ದು, ಪೈಪಿನ ತುಂಡು ಸೇರಿಸಿ, ಬೆಸೆದು ಉದ್ದ ಮಾಡಿದ. ಹೊದಿಕೆಗೆ ಅವಳು ಇನ್ನೊಂದು ಬಣ್ಣದ ಅಂಚು ಕೂಡಿಸಿದಳು. ಮಲಗುವವಳು ಬರುವ ಮೊದಲೇ ಮಂಚ ಬೆಳೆಯುತ್ತಿತ್ತು.

ಇನ್ನು ಜರ್ದಾಳು ವಾರ. ಕ್ರಿಸ್ಮಸ್ ಮುಗಿಯುತ್ತಲೂ ಈ ಹೊಳೆಬದಿಯ ತೋಟಗಳಲ್ಲಿ ಜರ್ದಾಳು, ಅಂದರೆ ಏಪ್ರಿಕಾಟ್, ಒಟ್ಟಿಗೇ ಹಣ್ಣಾಗುತ್ತದೆ. ಇವತ್ತು ಗಟ್ಟಿ, ನಾಳೆ ಹದ, ನಾಡಿದ್ದು ನೆಲದಲ್ಲಿ ಅಂಟು. ಆ ಹದದಲ್ಲೇ ಬಿಡಿಸಿ, ಸೀಳಿ, ಬೀಜ ತೆಗೆದು, ಮರದ ತಟ್ಟೆಗಳಲ್ಲಿ ಬಟ್ಟಲಿನ ಹಾಗೆ ಮೇಲ್ಮುಖವಾಗಿ ಜೋಡಿಸಿ, ಗಂಧಕದ ಹೊಗೆ ಕೊಟ್ಟು ಬಿಸಿಲಿಗೆ ಹಾಕಬೇಕು. ಹಾಗಾಗಿ ಆ ವಾರ ಯಾರಿಗೂ ಬೇರೆ ಕೆಲಸವಿಲ್ಲ. ಅಂಚೆಯವನು ಟಪಾಲು ಹಂಚಿ ಬಂದು ಚಾಕು ಹಿಡಿಯುತ್ತಾನೆ. ಪಾದ್ರಿ ನಿಲುವಂಗಿಯ ತೋಳು ಮಡಚುತ್ತಾನೆ. ಇವತ್ತು ನಿನ್ನ ಶೆಡ್ಡು, ನಾಳೆ ಅವನದು. ಕೂಲಿಯ ಮಾತಿಲ್ಲ. ಬಾರದೆ ಮನೆಯಲ್ಲಿ ಕೂತವನು ಮುಂದಿನ ಜರ್ದಾಳಿನವರೆಗೂ ಎದುರು ಸಿಕ್ಕರೆ ಜನ ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ಪಾಂಡೆಲಿಸ್ ಮೊದಲ ವರ್ಷವೇ ಗ್ಯಾರೇಜಿಗೆ ಬೀಗ ಹಾಕಿ ದಿಲ್ಲಿರಾಮನನ್ನು ಅತ್ತಿಗೆಯ ಶೆಡ್ಡಿಗೆ ಕರೆತಂದ. ಸ್ತಮಾತಿಯಾ ಚಾಕುವನ್ನು ಮೇಜಿನ ಮೇಲೆ ಇಟ್ಟಳು. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳ ಬರುತ್ತದೆ. ಅವನು ಒಂದು ಹಣ್ಣು ಎತ್ತಿಕೊಂಡು, ಅದರ ಮೈಮೇಲಿನ ಗೆರೆ ನೋಡಿ, ಆ ಗೆರೆಯ ಸುತ್ತ ಚಾಕು ಓಡಿಸಿ, ಮೆಲ್ಲಗೆ ತಿರುವಿದ. ಹಣ್ಣು ಎರಡಾಯಿತು, ಬೀಜ ಬೆರಳಿಗೆ ಬಂತು.

"ಯಾರು ಕಲಿಸಿದ್ರೋ?"

"ಬೇರಿಂಗ್ ಬಿಚ್ಚೋದೂ ಹಿಂಗೇ ಥಿಯಾ."

ಮೂರನೆಯ ವರ್ಷದ ಹೊತ್ತಿಗೆ ಅವನ ಕೈ ಊರಿನವರ ಕೈಗಿಂತ ಚುರುಕಾಗಿತ್ತು. ಹೆಂಗಸರು ರೇಗಿಸುತ್ತಿದ್ದರು, ಅವನು ಬಗ್ಗಿದ ತಲೆ ಎತ್ತದೆ ಉತ್ತರ ಕೊಡುತ್ತಿದ್ದ. ಸ್ತಮಾತಿಯಾ, "ಬಂಗಾರದ ಕೈ," ಅಂದು, ಅಂದ ಕೂಡಲೇ ಕಣ್ಣು ಬೀಳದಿರಲೆಂದು ಅವನ ಕಡೆ ಮೂರು ಸಲ ಥೂ ಥೂ ಥೂ ಎಂದಳು. ಮೊದಲ ವರ್ಷ ಅವನು ಅದನ್ನು ಕಂಡು ಹೆದರಿದ್ದ. ಈಗ ಕೆನ್ನೆ ಒಡ್ಡುತ್ತಿದ್ದ.

ಆ ದಿನವೇ ವಾರಪತ್ರಿಕೆಯ ಹುಡುಗಿ ಕ್ಯಾಮೆರಾ ಹಿಡಿದು ಬಂದದ್ದು. ಶೆಡ್ಡಿನಲ್ಲಿ ಅಷ್ಟು ಜನ ಇದ್ದರೂ ಅವಳಿಗೆ ಕಂಡವನು ದಿಲ್ಲಿರಾಮ. ಕೈಯಲ್ಲಿ ಚಾಕು, ಮೊಣಕೈವರೆಗೂ ರಸ, ಹಿಂದೆ ತಟ್ಟೆಗಳ ಗೋಡೆ, ಪಕ್ಕದಲ್ಲಿ ಕಪ್ಪು ಶಾಲು ಹೊದ್ದ ಸ್ತಮಾತಿಯಾ. ಅವನು ನಗುತ್ತಿದ್ದ. ಅವನ ಹಲ್ಲು ಅಷ್ಟು ಚೆನ್ನಾಗಿದೆಯೆಂದು ಊರಿಗೆ ಗೊತ್ತಾದದ್ದು ಆ ಫೋಟೋದಿಂದ. ‘ಹಳೆಯ ಶೆಡ್ಡಿಗೆ ಹೊಸ ಕೈ’ ಎಂದು ಕೆಳಗೆ ಅಚ್ಚಾಗಿತ್ತು. ಪಾಂಡೆಲಿಸ್ ಅದನ್ನು ಗ್ಯಾರೇಜಿನ ಗಾಜಿಗೆ ಅಂಟಿಸಿದ.

ಫೆಬ್ರವರಿಯಲ್ಲಿ ಮೂರು ವರ್ಷ ತುಂಬಿತು. ಪಾಂಡೆಲಿಸ್ ನಾಲಿಗೆ ಹೊರಗೆ ಚಾಚಿಕೊಂಡು ಸಹಿ ಹಾಕಿದ. ದಿಲ್ಲಿರಾಮ ಅರ್ಜಿಯ ಜೊತೆ ಏನೇನು ಇಡಬೇಕೋ ಎಲ್ಲ ಇಟ್ಟು, ಕೊನೆಗೆ ಆ ಪತ್ರಿಕೆಯ ತುಂಡನ್ನೂ ಇಟ್ಟ. ಇಡುವ ಮುಂಚೆ ಜಗುಲಿಗೆ ತಂದು ತೋರಿಸಿದ.

"ಬೇರು ತೋರಿಸು ಅಂದ್ರಲ್ಲ ಥಿಯಾ. ಇದಕ್ಕಿಂತ ಬೇರು ಇನ್ನೇನಿದೆ?"

ಸ್ತಮಾತಿಯಾ ಕನ್ನಡಕ ಹಾಕಿಕೊಂಡು ನೋಡಿದಳು. ತಾನು ಚೆನ್ನಾಗಿ ಬಂದಿಲ್ಲ ಅನ್ನಿಸಿತು. ಅವನು ಚೆನ್ನಾಗಿ ಬಂದಿದ್ದ. "ಇಡು ಮಗಾ," ಅಂದಳು.

ಆಮೇಲೆ ಕಾಯುವುದು. ಮೇ ತಿಂಗಳಲ್ಲಿ, ದ್ರಾಕ್ಷಿ ಎಲೆ ಉದುರಿದ ಮೇಲೆ, ಅವನ ತಾಯಿ ತೀರಿಕೊಂಡಳೆಂದು ಫೋನು ಬಂತು. ಅವನೊಬ್ಬನೇ ಮಗ. ಏಜೆಂಟ್ ಮೇಡಂ ಬೇಡ ಅಂದಳು. ಅರ್ಜಿ ಮೇಜಿನ ಮೇಲಿದೆ, ಈಗ ದೇಶ ಬಿಟ್ಟರೆ ಮರಳಿ ಒಳಗೆ ಬರುವುದು ಕಷ್ಟವಾಗಬಹುದು, ಇಷ್ಟು ವರ್ಷದ್ದು ನೀರುಪಾಲು. ಅವನು ಹೋಗಲಿಲ್ಲ. ತಲೆ ಬೋಳಿಸಿಕೊಂಡು, ಬಿಳಿ ಬಟ್ಟೆ ಉಟ್ಟು, ಕೋಣೆಯಲ್ಲಿ ನೆಲದ ಮೇಲೆ ಕೂತ. ಉಪ್ಪಿಲ್ಲದ ಅನ್ನ ತಾನೇ ಬೇಯಿಸಿಕೊಂಡು ಒಂದು ಹೊತ್ತು ಉಂಡ. ಯಾರಿಂದಲೂ ಮುಟ್ಟಿಸಿಕೊಳ್ಳಲಿಲ್ಲ. ಸ್ತಮಾತಿಯಾ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು. ಅವಳಿಗೆ ಈ ಕೆಲಸ ಗೊತ್ತಿತ್ತು.

ಕರ್ಮ ಮುಗಿಸಿ ಅವನು ಗ್ಯಾರೇಜಿಗೆ ಮರಳಿದ್ದೂ ಬಿಳಿಯಲ್ಲೇ. ವರ್ಷ ತುಂಬುವ ತನಕ ಬಿಳಿಯೇ. ಟ್ರ್ಯಾಕ್ಟರಿನ ಅಡಿಯಿಂದ ಬಿಳಿ ಅಂಗಿಯ ಮನುಷ್ಯ ತೆವಳಿಕೊಂಡು ಬರುವುದನ್ನು ಕಂಡು ಜನ ಬೆಚ್ಚುತ್ತಿದ್ದರು. ಎಣ್ಣೆಯ ಕಲೆ ಹೋಗಲಾಡಿಸುವುದು ಸ್ತಮಾತಿಯಾಳಿಗೆ ಗಂಡನ ಕಾಲದಿಂದ ರೂಢಿ. ಅವಳೇ ಒಗೆದು ಕೊಡತೊಡಗಿದಳು. ಸಂಜೆ ಜಗುಲಿಯಲ್ಲಿ ಅವಳು ಕಪ್ಪು, ಅವನು ಬಿಳಿ. ಕಾಫಿ ಕುಡಿಯುತ್ತಾ ಹೊಳೆಯ ಕಡೆ ನೋಡುತ್ತಾ ಕೂರುತ್ತಿದ್ದರು. ಜೂನಿನಲ್ಲಿ ಅವನಿಗೆ ನಲವತ್ತೈದು ತುಂಬಿತು. ಅರ್ಜಿ ಮೊದಲೇ ಒಳಗೆ ಹೋಗಿದೆಯಲ್ಲ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡರು.

ಆಗಸ್ಟಿನ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಗಳನ್ನು ಕೊಡಲು ಅವಳು ಗ್ಯಾರೇಜಿಗೆ ಹೋದಳು. ಹಿಂದಿನ ಅಂಕಣದಲ್ಲಿ ದಿಲ್ಲಿರಾಮ ಯಾವುದೋ ಲಾರಿಯ ಅಡಿಗಿದ್ದ. ಸುತ್ತಿಗೆಯ ಸದ್ದು ಬರುತ್ತಿತ್ತು. ಮುಂದೆ ಪಾಂಡೆಲಿಸ್ ಫೋನಿನಲ್ಲಿದ್ದ. ಅಡಿಲೇಡಿಗೆ ಫೋನಿಲ್ಲದೆಯೂ ಕೇಳಿಸುವಂಥ ಗಂಟಲು ಅವನದು.

"ಹೌದು ತಾಯಿ, ನಾನೇ ಪಾಂಡೆಲಿಸ್. ದಿಲ್ಲಿರಾಮಾ? ಅವನಂಥ ಕೆಲಸಗಾರ ಈ ಹೊಳೆ ಉದ್ದಕ್ಕೂ ಸಿಗಲ್ಲ... ಏನು, ಫೋಟೋನಾ? ನೀವೂ ನೋಡಿದ್ರಾ? ಚೆನ್ನಾಗಿ ಬಂದಿದೆ ಅಲ್ವಾ?" ಅವನು ಅತ್ತಿಗೆಯ ಕಡೆ ತಿರುಗಿ, ಸರ್ಕಾರದವರು ಎಂದು ಕಣ್ಣಲ್ಲೇ ಸನ್ನೆ ಮಾಡಿ ಎದೆ ಉಬ್ಬಿಸಿದ. "ಒಂದು ದಿನ ಅಲ್ಲ ತಾಯಿ, ಪ್ರತಿ ವರ್ಷವೂ ಬರ್ತಾನೆ. ಗ್ಯಾರೇಜಾ? ಮುಚ್ತೀನಿ. ಜರ್ದಾಳು ವಾರದಲ್ಲಿ ಗ್ಯಾರೇಜ್ ತೆಗೆದು ನೊಣ ಹೊಡೀಲಾ? ನಮ್ಮತ್ತಿಗೆ ಶೆಡ್ಡು, ಆಮೇಲೆ ಪಕ್ಕದೋರದ್ದು, ಆಮೇಲೆ ಅವರ ಪಕ್ಕದೋರದ್ದು..."

ಆ ಕಡೆಯಿಂದ ಏನೋ ಕೇಳಿದರು.

"ಬರೀ ಮೆಕ್ಯಾನಿಕ್ ಅಂದ್ರೆ ಅವನಿಗೆ ಅವಮಾನ ಮಾಡಿದ ಹಾಗೆ ತಾಯಿ. ದ್ರಾಕ್ಷಿ ಸುಗ್ಗೀಲಿ ಲಾರಿ ಹೊಡೀತಾನೆ. ನಾನು ಮಲಗಿದ್ರೆ ಪೆಟ್ರೋಲ್ ಹಾಕ್ತಾನೆ. ಈಸ್ಟರ್ ಹಬ್ಬಕ್ಕೆ ಚರ್ಚಲ್ಲಿ ಕುರಿ ಸುಟ್ಟೋನೂ ಅವನೇ. ಏನು ಹೇಳಿದ್ರೂ ಇಲ್ಲ ಅನ್ನಲ್ಲ. ಇಂಥೋನು ಈ ದೇಶಕ್ಕೆ ಬೇಕು ತಾಯಿ."

ಹಿಂದಿನ ಅಂಕಣದಲ್ಲಿ ಸುತ್ತಿಗೆಯ ಸದ್ದು ನಿಂತಿತ್ತು. ಸ್ತಮಾತಿಯಾ ಅದನ್ನು ಗಮನಿಸಿದಳು, ಅರ್ಥ ಮಾತ್ರ ಆಗಲಿಲ್ಲ. ಪಾಂಡೆಲಿಸ್ ಫೋನು ಇಟ್ಟು ಕೈ ಉಜ್ಜಿಕೊಂಡ. "ಆಯ್ತು ಅಂತ ತಿಳ್ಕೋ ಅತ್ತಿಗೆ. ಅಷ್ಟು ಹೇಳಿದೀನಿ."

ದಿಲ್ಲಿರಾಮ ಲಾರಿಯ ಅಡಿಯಿಂದ ಬಂದು ನಿಂತ. ಕೈ ಒರೆಸಿಕೊಳ್ಳುವ ಚಿಂದಿಯನ್ನು ಎಲ್ಲೋ ಇಟ್ಟು ಮರೆತವನ ಹಾಗೆ, ಎಣ್ಣೆಯ ಕೈಯನ್ನು ಬಿಳಿ ಅಂಗಿಗೇ ಒರೆಸಿಕೊಂಡ.

"ಆಫೀಸಿನೋರಾ, ಬಾಸ್?"

"ಅವರೇ. ಒಳ್ಳೇ ಹೆಂಗಸು, ಪಾಪ, ಎಲ್ಲ ಸಮಾಧಾನವಾಗಿ ಬರ್ಕೊಂಡ್ಲು."

"ಬರ್ಕೊಂಡ್ರಾ," ಅಂದ ದಿಲ್ಲಿರಾಮ. ಮತ್ತೆ ಲಾರಿಯ ಅಡಿಗೆ ಹೋದ. ಸುತ್ತಿಗೆಯ ಸದ್ದು ಬಹಳ ಹೊತ್ತು ಬರಲಿಲ್ಲ.

ಅಂದು ಸಂಜೆ ಅವನು ಸ್ತಮಾತಿಯಾಳಿಗೆ ಬಿಡಿಸಿ ಹೇಳಿದ. ಅವನಿಗೆ ಅನುಮತಿ ಇದ್ದದ್ದು ಪಾಂಡೆಲಿಸನ ಬಳಿ ಮೆಕ್ಯಾನಿಕ್ ಕೆಲಸಕ್ಕೆ ಮಾತ್ರ. ಬೇರೆ ಯಾರ ಬಳಿ ಏನೇ ಮಾಡಿದರೂ, ಕೂಲಿ ಇರಲಿ ಬಿಡಲಿ, ಅದು ಕೆಲಸವೆಂದೇ ಲೆಕ್ಕ. ಗ್ಯಾರೇಜು ಮುಚ್ಚಿ ಅವನನ್ನು ಹಣ್ಣಿಗೆ ಕಳಿಸಬಹುದಾದರೆ, ಅಲ್ಲಿ ವರ್ಷಪೂರ್ತಿ ಒಬ್ಬ ಮೆಕ್ಯಾನಿಕ್ ಬೇಕೇ ಬೇಕು ಅನ್ನುವ ಮಾತು ಎಲ್ಲಿ ನಿಂತಿತು?

"ಗೊತ್ತಿದ್ದೂ ಯಾಕೋ ಬಂದೆ ಶೆಡ್ಡಿಗೆ?"

"ಎಲ್ಲರೂ ಬಂದಿದ್ರಲ್ಲ ಥಿಯಾ. ಅದು ಕೆಲಸ ಅಂತ ನಂಗೆ ಹೊಳೀಲೇ ಇಲ್ಲ."

ಉತ್ತರ ಬಂದದ್ದು ಅಕ್ಟೋಬರಿನಲ್ಲಿ. ಅವನು ಅಂದಂತೆಯೇ ಇತ್ತು, ಸ್ವಲ್ಪ ಮರ್ಯಾದೆಯ ಮಾತಿನಲ್ಲಿ. ಪೂರ್ತಿ ಹೊತ್ತಿನ ಮೆಕ್ಯಾನಿಕ್ ಹುದ್ದೆ ನಿಜವಾಗಿ ಇದೆಯೆಂದು ನಂಬಲು ಆಗುತ್ತಿಲ್ಲ. ಮತ್ತೆ ಅರ್ಜಿ ಹಾಕಲು ವಯಸ್ಸು ಮೀರಿತ್ತು.

ಪಾಂಡೆಲಿಸ್ ಸ್ತಮಾತಿಯಾಳ ಅಡುಗೆಮನೆಗೆ ಬಂದು, ಬಾಗಿಲಿಗೆ ಒರಗ ಹೋದವನು ಅಲ್ಲೇ ನೆಲಕ್ಕೆ ಕುಸಿದು ಕೂತ. "ನಾನು ಹೊಗಳಿದೆ ಅತ್ತಿಗೆ. ಹೊಗಳಿದ್ದೇ ಹೊಗಳಿದ್ದು."

"ಹೊಗಳಿ ಉಗೀಲಿಲ್ಲ," ಅಂದಳು ಸ್ತಮಾತಿಯಾ. "ಅಷ್ಟು ಹೊಗಳಿ ಒಂದು ಸಲನಾದ್ರೂ ಥೂ ಅಂದ್ಯಾ? ನಿಮ್ಮಮ್ಮ ಏನೂ ಕಲಿಸ್ಲಿಲ್ಲ ನಿಂಗೆ." ಬೈದು, ಒಲೆಯ ಮೇಲಿನ ಪಾತ್ರೆ ಇಳಿಸಿ, ಅವನ ಮುಂದೆ ಒಂದು ಲೋಟ ಕಾಫಿ ಇಟ್ಟಳು.

ಏಜೆಂಟ್ ಮೇಡಂ ಇನ್ನೊಂದು ದಾರಿ ಹೇಳಿದಳು. ಮೇಲಿನವರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಚಾರಣೆಗೆ ವರ್ಷಗಳೇ ಹಿಡಿಯಬಹುದು. ಅಲ್ಲಿ ಪಾಂಡೆಲಿಸ್ ತಾನು ವಯಸ್ಸಾದವನು, ಫೋನಿನಲ್ಲಿ ತಪ್ಪಾಗಿ ಮಾತಾಡಿದೆ ಅನ್ನಬೇಕು. ಆ ಮನೆಯ ಹೆಂಗಸು, ಇವನು ಫೋಟೋಗೆ ಮಾತ್ರ ಬಂದು ನಿಂತ, ನನ್ನ ಶೆಡ್ಡಿನಲ್ಲಿ ಯಾವತ್ತೂ ಚಾಕು ಹಿಡಿದವನಲ್ಲ ಎಂದು ಬರೆದುಕೊಡಬೇಕು.

"ಬರೆದುಕೊಡ್ತೀನಿ," ಅಂದಳು ಸ್ತಮಾತಿಯಾ. "ನಂಗೆ ಹೆಸರು ಬರೆಯೋಕೆ ಬರುತ್ತೆ. ಉಳಿದಿದ್ದು ನೀನು ಬರಿ. ಬೈಬಲ್ ಮುಟ್ಟು ಅಂದ್ರೆ ಮುಟ್ತೀನಿ. ಪಾಪ ಬಂದ್ರೆ ನನ್ನ ತಲೆಗೆ, ಎಷ್ಟು ದಿನ ಹೊತ್ಕೊಂಡಿರ್ಬೇಕು ಇನ್ನ?"

ದಿಲ್ಲಿರಾಮ ಮಂಚದ ಮೇಲೆ ಕೂತಿದ್ದ. ಆ ಹಸಿರು ಮಂಚದ ಮೇಲೆ ಅವನು ಕೂತದ್ದನ್ನು ಅವಳು ಅದಕ್ಕೆ ಮೊದಲು ನೋಡಿರಲಿಲ್ಲ.

"ಆ ವಿಚಾರಣೆ ಮುಗಿಯೋಷ್ಟರಲ್ಲಿ ಸಿರ್ಜನಾ ಮದುವೆಗೆ ಬಂದಿರ್ತಾಳೆ ಥಿಯಾ. ಆಗಲೇ ಫೋನಲ್ಲಿ ನನ್ನ ಹತ್ರ ಮಾತು ಕಮ್ಮಿ. ನಾನೇ ಕೇಳ್ಬೇಕು, ಉಂಡ್ಯಾ, ಓದಿದ್ಯಾ. ಹೂಂ ಅಂತಾಳೆ." ಅವನು ಹೊದಿಕೆಯ ಅಂಚನ್ನು ಮಡಚಿದ. "ಅದೂ ಅಲ್ದೆ, ನಾನು ಯಾವತ್ತೂ ನಿಮ್ಮ ಶೆಡ್ಡಿಗೆ ಬಂದೋನಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿಸ್ಲಾ? ಹಾಗೆ ಹೇಳಿಸಿ ಗೆದ್ರೆ ಇಲ್ಲಿದ್ದು ಏನು ಬಂತು?"

"ದೊಡ್ಡ ಮಾತೆಲ್ಲ ಬೇಡ. ಇರ್ತೀಯಾ ಹೋಗ್ತೀಯಾ?"

"ತುಳಸಾಗೆ ಹೇಳಿದೀನಿ, ಬರ್ತೀನಿ ಅಂತ."

"ಏನಂದ್ಲು ನಿನ್ನ ಹೆಂಡತಿ?"

"ಬೆಳಿಗ್ಗೆ ಬೇಗ ಏಳ್ಬೇಕು, ಫೋನ್ ಇಡ್ತೀನಿ ಅಂದ್ಲು."

ನವೆಂಬರಿನಲ್ಲಿ ಅವನು ಹೊರಟ. ಗ್ಯಾರೇಜಿನ ಲಾರಿಗಳನ್ನೆಲ್ಲ ಮುಗಿಸಿಕೊಟ್ಟೇ ಹೊರಟ. ಪಾಂಡೆಲಿಸ್ ಕಳಿಸಲು ಬರಲಿಲ್ಲ. ಎದ್ದಾಗಿನಿಂದ ಯಾವುದೋ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದ. ಆ ಕಾರಿಗೆ ಏನೂ ಆಗಿರಲಿಲ್ಲ. ಗಾಜಿನ ಮೇಲೆ ಫೋಟೋ ಇದ್ದ ಕಡೆ ಅಂಟಿನ ಗುರುತು ನಾಲ್ಕು ಮೂಲೆಗೆ ಉಳಿದಿತ್ತು.

ಸ್ತಮಾತಿಯಾ ತನ್ನ ಹಳೆಯ ಕಾರಿನಲ್ಲಿ ಅವನನ್ನು ಬಸ್ಸಿನವರೆಗೆ ಬಿಟ್ಟಳು. ಉಪಕರಣದ ಪೆಟ್ಟಿಗೆ ವಿಮಾನದಲ್ಲಿ ತೂಕವಾಗುತ್ತದೆಂದು ಅವನು ಅದನ್ನು ಶೆಡ್ಡಿನಲ್ಲೇ ಬಿಟ್ಟಿದ್ದ. ಬಂದಾಗಿನ ಬಟ್ಟೆಯ ಚೀಲ ಮಾತ್ರ, ಅದರೊಳಗೆ ಹಿಂದಿನ ವರ್ಷದ ಒಣ ಜರ್ದಾಳಿನ ಒಂದು ಗಂಟು, ಅವನೇ ಸೀಳಿದ್ದು. ದಾರಿಯುದ್ದಕ್ಕೂ ತೋಟಗಳಲ್ಲಿ ಹೊಸ ಕಾಯಿ ಕಚ್ಚಿಕೊಂಡಿತ್ತು, ಹಸಿರು, ಗೋಲಿಯಷ್ಟು ದಪ್ಪ. ಈ ವರ್ಷ ಫಸಲು ಜೋರು ಎಂದು ಇಬ್ಬರಿಗೂ ಕಂಡಿತು.

ಬಸ್ಸು ಬರುವವರೆಗೂ ಅವಳು ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದಳು. ವಿಮಾನದಲ್ಲಿ ಕೊಡುವುದನ್ನು ತಿನ್ನಬೇಡ, ಹೊಟ್ಟೆ ಕೆಡುತ್ತದೆ. ಕಾಲು ಊದಿದರೆ ಬೂಟು ಬಿಚ್ಚು. ಮಗಳ ಹೊದಿಕೆಯನ್ನು ಚೀಲದಲ್ಲಿ ಇಟ್ಟಿದ್ದೇನೆ, ಅದು ಮೊದಲ ಸಲ ಒಗೆದಾಗ ಬಣ್ಣ ಬಿಡುತ್ತದೆ, ಬೇರೆ ಬಟ್ಟೆಯ ಜೊತೆ ಹಾಕಬೇಡಿ ಎಂದು ಹೇಳು. ಅವನು ಹೂಂ ಅನ್ನುತ್ತಿದ್ದ. ಅವನ ಕಣ್ಣು ರಸ್ತೆಯ ಆಚೆ, ಕಾಲುವೆಯ ಕಡೆ ಇತ್ತು.

ಬಸ್ಸು ನಿಂತಿತು. ಅವನು ಬಗ್ಗಿ ಅವಳ ಕಾಲು ಮುಟ್ಟಿದ. ಅವಳಿಗೆ ಏನು ಮಾಡಬೇಕೆಂದು ತಿಳಿಯದೆ ಮತ್ತೆ ಬೆಳೆದಿದ್ದ ಅವನ ಕೂದಲಿನ ಮೇಲೆ ಕೈ ಇಟ್ಟಳು. ಮೆಟ್ಟಿಲು ಹತ್ತಿದವನು ಏನೋ ನೆನಪಾದವನಂತೆ ತಿರುಗಿದ. ಡ್ರೈವರು ಬಾಗಿಲು ಹಿಡಿದುಕೊಂಡ.

"ಥಿಯಾ, ಗುರುವಾರ ನಿಮ್ಮ ನೀರಿನ ಸರದಿ. ಪಂಪಿಗೆ ಮೊದಲು ಗ್ರೀಸ್ ಹಾಕಿ. ಒಂಚೂರು ಸಾಕು. ಬಾಸ್ ಕೈಗೆ ಕೊಡ್ಬೇಡಿ, ಅವರು ಜಾಸ್ತಿ ಹಾಕ್ತಾರೆ. ನೀವೇ ಹಾಕಿ."